ಅಗಸೆ ಚಟ್ನಿಪುಡಿಯೋ, ಗುರೆಳ್ಳು (ಹುಚ್ಚೆಳ್ಳು) ಚಟ್ನಿಪುಡಿಯೋ?

ಜೋಳದ ರೊಟ್ಟಿ ಜೊತೆ ಎರಡೂ ಸೊಗಸು. ಆದರೆ ಆರೋಗ್ಯಕ್ಕೆ ಅಂತ ಒಂದನ್ನೇ ಆರಿಸುವುದಾದರೆ ನನ್ನ ಮತ ಅಗಸೆಗೆ. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಸುಮಾರು 1.6 ಗ್ರಾಂ ಒಮೆಗಾ-3 (ದೇಹಕ್ಕೆ ಬೇಕಾದ ಒಂದು ಬಗೆಯ ಕೊಬ್ಬು), 2 ಗ್ರಾಂ ನಾರು ಇರುತ್ತದೆ. ಗುರೆಳ್ಳಿನ ಕೊಬ್ಬಿನಲ್ಲಿ ಬಹುಪಾಲು ಒಮೆಗಾ-6 ಅನ್ನುವ ಇನ್ನೊಂದು ಬಗೆ. ಅದು ಅಡುಗೆ ಎಣ್ಣೆಯಿಂದಲೇ ಸಾಕಷ್ಟು ಸಿಗುತ್ತದೆ ಅಲ್ವಾ? ಮಲಬದ್ಧತೆ ಇರುವವರಿಗೂ ಅಗಸೆಯೇ ಮೇಲು, ನೀರು ಮಾತ್ರ ಚೆನ್ನಾಗಿ ಕುಡಿಯಬೇಕು.

ರುಚಿಯಲ್ಲಿ ಗುರೆಳ್ಳೇ ಮುಂದು. ಬದನೆಕಾಯಿ ಎಣ್ಣೆಗಾಯಿಗಂತೂ ಅದೇ ಬೇಕು.

ಅಗಸೆಯನ್ನು ಇಡಿಯಾಗಿ ನುಂಗಿದರೆ ಸುಮ್ನೆ ಹಾಗೇ ಹೊರಗೆ ಹೋಗುತ್ತದೆ. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಸೇರಿಸಿ ಕುಟ್ಟಿ. ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ, ಬೇಗ ಕಮಟು ವಾಸನೆ ಬರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.