ವ್ಯವಹಾರ ಏನೆಂದು ಬರೆದುಕೊಡದೆ ವಕೀಲರಿಗೆ ಅಗ್ರಿಮೆಂಟ್ ಒಪ್ಪಿಸಬೇಡಿ

ಪ್ಯಾಕಿಂಗ್ ಯಂತ್ರ ತಯಾರಿಸುವ ಒಂದು ಸಣ್ಣ ಕಂಪನಿ ಹೊರದೇಶದ ವಿತರಕರೊಬ್ಬರ ಜೊತೆ ಐದು ವರ್ಷದ ಕರಾರು ಮಾಡಿಕೊಂಡಿತು. ಎರಡನೇ ವರ್ಷ ಮುಗಿಯುವಷ್ಟರಲ್ಲಿ ಯಂತ್ರಗಳು ಹೋಗಿದ್ದವು, ಹಣ ಬಂದಿರಲಿಲ್ಲ, ಬೇರೆಯವರಿಗೆ ಮಾರೋಣವೆಂದರೆ ಕರಾರೇ ಅಡ್ಡ ನಿಂತಿತ್ತು. ಬರೆದುಕೊಟ್ಟ ವಕೀಲರು ಮೋಸಗಾರರೇನಲ್ಲ. ಹೆಸರು ಮಾಡಿದವರು, ಫೀಸೂ ಹೆಸರಿಗೆ ತಕ್ಕಂತೆಯೇ ಇತ್ತು. ಆದರೆ ಆ ಕಡತವನ್ನು ಮೊದಲಿಂದ ಕೊನೆವರೆಗೆ ಬಿಡಿಸಿ ನೋಡಿದರೆ ಎಲ್ಲ ಎಡವಟ್ಟಿಗೂ ಬೇರು ಒಂದೇ ಕಡೆ ಸಿಗುತ್ತದೆ: ವ್ಯವಹಾರ ಹೇಗೆ ನಡೆಯಬೇಕೆಂದು ಕಂಪನಿ ಬರೆದು ಕೊಟ್ಟಿರಲಿಲ್ಲ, ವಕೀಲರೂ ಕೇಳಿರಲಿಲ್ಲ.

ಮೊದಲ ಭೇಟಿಯಲ್ಲಿ ಕಂಪನಿ ಹೇಳಿದ್ದು ಇಷ್ಟೇ, "ಒಂದು ಗಟ್ಟಿ ಅಗ್ರಿಮೆಂಟ್ ಮಾಡಿಕೊಡಿ ಸರ್, ಅವರ ಜೊತೆ ಮಾತುಕತೆಯನ್ನೂ ನೀವೇ ನೋಡಿಕೊಳ್ಳಿ." ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಕರಡು ಬರೆಯುವವರಿಗೆ ವ್ಯವಹಾರದ ದಿನನಿತ್ಯದ ನಡೆ ಗೊತ್ತಿರಬೇಕು. ಮಾತುಕತೆಗೆ ಕೂರುವವರಿಗೆ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಲೇಬಾರದು ಎಂಬುದು ಗೊತ್ತಿರಬೇಕು. ಈ ವಕೀಲರ ಮುಖ್ಯ ಕೆಲಸ ಕೋರ್ಟಿನದು. ಜಗಳ ಶುರುವಾದ ಮೇಲೆ ಹೇಗೆ ವಾದಿಸಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಜಗಳವೇ ಬಾರದ ಹಾಗೆ ಸರಕು, ಬಿಲ್ಲು, ತಪಾಸಣೆ ಇವನ್ನೆಲ್ಲ ವಾಕ್ಯಕ್ಕೆ ಇಳಿಸುವುದು ಬೇರೆಯೇ ಪಳಗಿಕೆ.

ಆದ್ದರಿಂದ ವಕೀಲರನ್ನು ಗೊತ್ತು ಮಾಡುವ ಮೊದಲೇ ಕೇಳಿಬಿಡಿ: ಇತ್ತೀಚೆಗೆ ಇಂಥದ್ದೇ ಕರಾರು ಎಷ್ಟು ಬರೆದಿದ್ದೀರಿ, ಮಾರುವವರ ಪರವಾಗಿಯೋ ಕೊಳ್ಳುವವರ ಪರವಾಗಿಯೋ? ಕರಡನ್ನು ನೀವೇ ಬರೆಯುತ್ತೀರೋ, ಜೂನಿಯರ್ ಬರೆಯುತ್ತಾರೋ? ಎದುರು ಪಕ್ಷಕ್ಕೆ ಹಿಂದೆ ಎಂದಾದರೂ ಕೆಲಸ ಮಾಡಿಕೊಟ್ಟಿದ್ದೀರಾ? ಹೆಸರು, ಮೊತ್ತ ಅಳಿಸಿದ ಹಳೆಯ ಮಾದರಿಯೊಂದನ್ನು ತೋರಿಸಬಲ್ಲಿರಾ? ಕೊನೆಯ ಪ್ರಶ್ನೆಗೆ ಮುನಿಸಿಕೊಳ್ಳುವವರ ಹತ್ತಿರ ಮುಂದುವರಿಯುವ ಅಗತ್ಯವಿಲ್ಲ.

ನೇಮಕದ ಪತ್ರ ಲಿಖಿತವಾಗಿರಲಿ. ವಕೀಲರು ಕಂಪನಿಯ ಪರವೋ ನಿರ್ದೇಶಕರೊಬ್ಬರ ಪರವೋ, ಫೀಸಿನಲ್ಲಿ ಎಷ್ಟು ಸುತ್ತಿನ ಮಾತುಕತೆ ಸೇರಿದೆ, ಯಾವುದು ಸೇರಿಲ್ಲ ಎಂಬುದು ಅದರಲ್ಲಿ ಇರಬೇಕು. ತೆರಿಗೆ ಸಲಹೆ, ಟ್ರೇಡ್‌ಮಾರ್ಕ್ ನೋಂದಣಿ, ಇನ್ನೊಂದು ದೇಶದ ಕಾನೂನಿನ ಅಭಿಪ್ರಾಯ ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ. ಗಂಟೆ ಲೆಕ್ಕದ ಫೀಸಾದರೆ ಹಂತಹಂತಕ್ಕೆ ಮಿತಿ ಹಾಕಿಸಿಕೊಳ್ಳಿ: ಮೊದಲ ಕರಡಿಗೆ ಇಷ್ಟು, ಎರಡು ಸುತ್ತಿಗೆ ಇಷ್ಟು, ಅದರಾಚೆ ಹೋಗಬೇಕಾದರೆ ಮೊದಲು ನಿಮ್ಮ ಒಪ್ಪಿಗೆ. ಈ ಕಂಪನಿಗೆ ಇದ್ಯಾವುದೂ ಇರಲಿಲ್ಲ. ಏಳು ಸುತ್ತು ನಡೆಯಿತು, ಅದರಲ್ಲಿ ಐದು ಇಂಡೆಮ್ನಿಟಿ ಕಲಂ, ಅಂದರೆ ಒಬ್ಬರಿಂದಾದ ನಷ್ಟವನ್ನು ಇನ್ನೊಬ್ಬರಿಗೆ ತುಂಬಿಕೊಡುವ ಕಲಂ, ಒಂದರ ಮೇಲೆಯೇ. ಎರಡೂ ಕಡೆಯ ವಕೀಲರಿಗೆ ಪರಿಚಿತವಾದ ಅಖಾಡ ಅದು, ಅಲ್ಲಿಯೇ ಸೆಣಸಿದರು. ಹಣ ಯಾವಾಗ ಬರುತ್ತದೆ ಎಂಬ ವಾಕ್ಯ ಆ ಗದ್ದಲದಲ್ಲಿ ಸದ್ದಿಲ್ಲದೆ ಬದಲಾಯಿತು.

ಅದು ಬದಲಾದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲ ಕರಡಿನಲ್ಲಿ "ಇನ್‌ವಾಯ್ಸ್ ತಲುಪಿದ 30 ದಿನಗಳೊಳಗೆ ಪಾವತಿ" ಎಂದಿತ್ತು. ಮೂರನೇ ಸುತ್ತಿನಲ್ಲಿ ಎದುರು ಪಕ್ಷ ಅದನ್ನು "ಯಂತ್ರದ ಸ್ವೀಕೃತಿಯಾದ 30 ದಿನಗಳೊಳಗೆ" ಎಂದು ತಿದ್ದಿತು. ಸ್ವೀಕೃತಿ ಎಂದರೇನು ಎಂಬುದಕ್ಕೆ ಅನುಬಂಧ 2 ನೋಡಿ ಎಂದಿತ್ತು. ಅನುಬಂಧ 2ರಲ್ಲಿದ್ದದ್ದು ಒಂದೇ ಸಾಲು: "ಸ್ವೀಕೃತಿ ಪರೀಕ್ಷೆ: ಪಕ್ಷಗಾರರು ಮುಂದೆ ಪರಸ್ಪರ ಒಪ್ಪಿಕೊಳ್ಳುವಂತೆ." ವಕೀಲರು ಇದು ವ್ಯಾಪಾರದ ವಿಷಯ, ಕಂಪನಿ ನೋಡಿಕೊಳ್ಳುತ್ತದೆ ಎಂದುಕೊಂಡರು. ಕಂಪನಿಯವರು ಇದು ಕಾನೂನಿನ ಭಾಷೆ, ವಕೀಲರು ನೋಡಿರುತ್ತಾರೆ ಎಂದುಕೊಂಡರು. ಯಂತ್ರಗಳು ವಿತರಕರ ಗೋದಾಮಿಗೆ ಹೋದವು, ಅಲ್ಲಿಂದ ಗಿರಾಕಿಗಳ ಕಾರ್ಖಾನೆಗೆ ಹೋದವು, ಓಡತೊಡಗಿದವು. ಸ್ವೀಕೃತಿ ಪತ್ರಕ್ಕೆ ಮಾತ್ರ ಯಾರೂ ಸಹಿ ಹಾಕಲಿಲ್ಲ. ಸಹಿ ಇಲ್ಲದಿದ್ದರೆ 30 ದಿನದ ಎಣಿಕೆಯೇ ಶುರುವಾಗುವುದಿಲ್ಲ ಎಂಬುದು ವಿತರಕರ ವಾದ.

"ಮುಂದೆ ಒಪ್ಪಿಕೊಳ್ಳೋಣ" ಎಂಬ ಸಾಲನ್ನು ನೆಚ್ಚಿಕೊಂಡು ಕೋರ್ಟಿಗೆ ಹೋದರೆ ದಕ್ಕುವುದು ಕಷ್ಟ. ಬರೀ ಮಾತುಕತೆ ನಡೆಸುತ್ತೇವೆ ಎಂಬ ಒಪ್ಪಂದಕ್ಕೆ ಬಂಧಕ ಬಲವಿಲ್ಲ ಎಂದು ಆಗ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1992ರಲ್ಲಿ ವಾಲ್‌ಫರ್ಡ್ ಮತ್ತು ಮೈಲ್ಸ್ ಪ್ರಕರಣದಲ್ಲಿ ಹೇಳಿತ್ತು. ಎಲ್ಲ ದೇಶಗಳ ಕಾನೂನೂ ಅಷ್ಟು ಬಿಗಿಯಲ್ಲ, ಆದರೆ ಖಾಲಿ ಅನುಬಂಧವನ್ನು ನ್ಯಾಯಾಧೀಶರು ತಾವೇ ತುಂಬಿಕೊಡುತ್ತಾರೆಂದು ನಂಬಿ ಕೂರುವ ಹಾಗಿಲ್ಲ.

ಆ ಅನುಬಂಧ ಹೇಗಿರಬೇಕಿತ್ತು? ಪರೀಕ್ಷೆಗೆ ಯಾವ ಸಾಮಗ್ರಿ, ಪೊಟ್ಟಣದ ಅಳತೆ ಎಷ್ಟು, ನಿಮಿಷಕ್ಕೆ ಎಷ್ಟು ಪೊಟ್ಟಣ, ಎಷ್ಟು ಗಂಟೆ ಸತತ ಓಟ, ಹಾಳಾಗುವ ಪೊಟ್ಟಣಗಳಿಗೆ ಶೇಕಡಾ ಎಷ್ಟರ ಮಿತಿ, ಯಾರ ಎದುರು ಪರೀಕ್ಷೆ, ತೇರ್ಗಡೆಯಾಗದಿದ್ದರೆ ಎಷ್ಟು ದಿನದಲ್ಲಿ ಮರುಪರೀಕ್ಷೆ. ಇವನ್ನೆಲ್ಲ ಬರೆಯಬೇಕಾದವರು ಕಾರ್ಖಾನೆಯ ಎಂಜಿನಿಯರು. ಕೊನೆಗೆ ಒಂದು ಸಾಲು ವಕೀಲರದು: "ಯಂತ್ರ ತಲುಪಿದ 10 ಕೆಲಸದ ದಿನಗಳೊಳಗೆ ಕಾರಣ ಸಹಿತ ಲಿಖಿತ ತಿರಸ್ಕಾರ ಬಾರದಿದ್ದರೆ, ಅಥವಾ ಯಂತ್ರವನ್ನು ಉತ್ಪಾದನೆಗೆ ಬಳಸಿದರೆ ಇಲ್ಲವೇ ಮೂರನೆಯವರಿಗೆ ಕೊಟ್ಟರೆ, ಇವುಗಳಲ್ಲಿ ಯಾವುದು ಮೊದಲೋ ಆ ದಿನ ಸ್ವೀಕೃತಿಯಾಯಿತೆಂದು ಭಾವಿಸತಕ್ಕದ್ದು." ಈ ಒಂದು ವಾಕ್ಯ ಇದ್ದಿದ್ದರೆ ವಿತರಕರ ವಾದಕ್ಕೆ ಕಾಲೂರಲು ಜಾಗ ಸಿಗುತ್ತಿರಲಿಲ್ಲ.

ಇದಕ್ಕೆಲ್ಲ ಮದ್ದು ಕರಡಿಗೂ ಮೊದಲು ತಯಾರಾಗುವ ಒಂದು ಹಾಳೆ. ಟರ್ಮ್ ಶೀಟ್ ಎನ್ನುತ್ತಾರೆ. ಯಾರು ಯಾರಿಗೆ ಏನು ಕೊಡುತ್ತಾರೆ, ಬೆಲೆ ಯಾವ ಕರೆನ್ಸಿಯಲ್ಲಿ, ಪಾವತಿಯ ದಿನ ಯಾವ ಘಟನೆಯಿಂದ ಎಣಿಕೆ, ಸಾಗಣೆ ಮತ್ತು ವಿಮೆ ಯಾರ ಖರ್ಚು, ಅವಧಿ ಎಷ್ಟು, ನಡುವೆ ಹೊರಬರುವುದು ಹೇಗೆ, ಹೊರಬಂದಾಗ ಉಳಿದ ಸ್ಟಾಕು ಮತ್ತು ಬಿಡಿಭಾಗಗಳ ಗತಿಯೇನು. ಪ್ರತಿಯೊಂದರ ಮುಂದೆಯೂ ಮೂರು ಕಾಲಂ ಹಾಕಿ: ಕೇಳುವುದು, ಒಪ್ಪಬಹುದಾದದ್ದು, ಇದಕ್ಕಿಂತ ಕೆಳಗಾದರೆ ಎದ್ದು ಬರುವುದು. ಎರಡನೇ ಮತ್ತು ಮೂರನೇ ಕಾಲಂ ನಿಮ್ಮ ಮತ್ತು ವಕೀಲರ ನಡುವೆ ಮಾತ್ರ ಇರಬೇಕು. ಅದನ್ನು ಎದುರು ಪಕ್ಷದ ಜೊತೆ ನಡೆಯುವ ಇಮೇಲ್ ಸರಣಿಯೊಳಗೆ ಎಂದೂ ಬರೆಯಬೇಡಿ. ಈ ಪ್ರಕರಣದಲ್ಲಿ ಜೂನಿಯರ್ ಒಬ್ಬರು ತಿದ್ದಿದ ಕರಡನ್ನು ಫಾರ್ವರ್ಡ್ ಮಾಡಿದಾಗ ಅದೇ ಸರಣಿಯ ಕೆಳಗೆ "ಶೇಕಡಾ 12 ರಿಯಾಯಿತಿವರೆಗೂ ಹೋಗಬಹುದು, ಮೊದಲು 8 ಹೇಳಿ" ಎಂಬ ಕಂಪನಿಯ ಸಂದೇಶ ಹಾಗೇ ಇತ್ತು. ವಿತರಕರು ಮರುದಿನವೇ 12 ಕೇಳಿದರು, ಒಂದಿಂಚೂ ಇಳಿಯಲಿಲ್ಲ. ಎದುರು ಪಕ್ಷಕ್ಕೆ ಪ್ರತಿ ಸಲವೂ ಹೊಸ ಇಮೇಲ್, ಹೊಸ ಸರಣಿ. ವರ್ಡ್ ಫೈಲಿನ ಕಾಮೆಂಟುಗಳನ್ನು ಅಳಿಸಿಯೇ ಕಳಿಸಬೇಕು.

ಕರಡು ಬಂದಾಗ ಪುಟದ ತೂಕಕ್ಕೆ ಮಾರುಹೋಗುವುದು ಬೇಡ. ಇದು 38 ಪುಟ ಇತ್ತು. ಅದರಲ್ಲಿ ಮೂರು ಕಡೆ "ಪರವಾನಗಿದಾರರು ಸಾಫ್ಟ್‌ವೇರನ್ನು ನಕಲು ಮಾಡತಕ್ಕದ್ದಲ್ಲ" ಎಂಬ ಧಾಟಿಯ ವಾಕ್ಯಗಳಿದ್ದವು. ಯಂತ್ರ ಮಾರುವ ಕರಾರಿನಲ್ಲಿ! ಹಳೆಯ ಮಾದರಿಯಿಂದ ಶುರು ಮಾಡುವುದು ತಪ್ಪಲ್ಲ, ಎಲ್ಲ ವಕೀಲರೂ ಅದನ್ನೇ ಮಾಡುತ್ತಾರೆ. ಆದರೆ ಮಾದರಿಯ ಮೂಲ ಕಕ್ಷಿದಾರರು ಕೊಳ್ಳುವವರಾಗಿದ್ದರೆ ಅದರ ಒಂದೊಂದು ಕಲಮೂ ಕೊಳ್ಳುವವರ ಕಡೆಗೇ ವಾಲಿರುತ್ತದೆ. ಕಾನೂನು ಓದದವರೂ ಮಾಡಬಹುದಾದ ಪರೀಕ್ಷೆ ಒಂದಿದೆ. ವ್ಯಾಖ್ಯೆಗಳ ಪಟ್ಟಿಯ ಪ್ರತಿ ಪದವನ್ನೂ ಫೈಲಿನಲ್ಲಿ ಹುಡುಕಿ. ವ್ಯಾಖ್ಯೆ ಇದ್ದು ಮುಂದೆ ಎಲ್ಲೂ ಬಳಕೆಯಾಗದ ಪದ ಹಳೆಯ ಮಾದರಿಯ ಪಳೆಯುಳಿಕೆ. ಬಳಕೆಯಾಗಿ ವ್ಯಾಖ್ಯೆ ಇಲ್ಲದ ಪದ ಮುಂದಿನ ಜಗಳ. ಆಮೇಲೆ "ಕಲಂ 14.2ರಂತೆ" ಎಂದು ಬಂದಲ್ಲೆಲ್ಲ ಹೋಗಿ 14.2 ನಿಜಕ್ಕೂ ಆ ವಿಷಯದ್ದೇ ಎಂದು ನೋಡಿ. ಒಂದು ಕಲಂ ಕಿತ್ತರೆ ಮುಂದಿನ ಸಂಖ್ಯೆಗಳೆಲ್ಲ ಜಾರುತ್ತವೆ, ಉಲ್ಲೇಖಗಳು ಹಳೆಯ ಸಂಖ್ಯೆಯಲ್ಲೇ ಉಳಿದುಬಿಡುತ್ತವೆ.

ಏಕೈಕ ವಿತರಣಾ ಹಕ್ಕನ್ನು ಐದು ವರ್ಷಕ್ಕೆ ಕೊಟ್ಟರು, ಕನಿಷ್ಠ ಖರೀದಿಯ ಷರತ್ತೇ ಇಲ್ಲ. ಇದಕ್ಕೆ ಹೆಚ್ಚು ಹೇಳುವುದೇನೂ ಇಲ್ಲ: ತ್ರೈಮಾಸಿಕಕ್ಕೆ ಇಷ್ಟು ಯಂತ್ರ ಎಂದು ಬರೆಯಿರಿ, ಸತತ ಎರಡು ತ್ರೈಮಾಸಿಕ ತಪ್ಪಿದರೆ ಏಕೈಕ ಹಕ್ಕು ತಾನಾಗಿ ಸಾಮಾನ್ಯ ಹಕ್ಕಾಗಲಿ. ಕರಾರನ್ನೇ ರದ್ದು ಮಾಡುವುದಕ್ಕಿಂತ ಇದನ್ನು ಎದುರು ಪಕ್ಷ ಬೇಗ ಒಪ್ಪುತ್ತದೆ.

ವಿವಾದದ ಕಲಮನ್ನು ಎಲ್ಲರೂ ಕೊನೆಗೆ, ಸುಸ್ತಾದ ಮೇಲೆ ಓದುತ್ತಾರೆ. ಇಲ್ಲಿ ಕಲಂ 21 ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರಿಂದ ತೀರ್ಪು, ಎನ್ನುತ್ತಿತ್ತು, ಕಲಂ 27 ವಿತರಕರ ಊರಿನ ಕೋರ್ಟಿಗೇ ಸಂಪೂರ್ಣ ಅಧಿಕಾರ ಎನ್ನುತ್ತಿತ್ತು. ಬಾಕಿ ಹಣದ ಪ್ರಶ್ನೆ ಎತ್ತುವ ಮೊದಲೇ ಎಲ್ಲಿ ಎತ್ತಬೇಕೆಂಬ ಪ್ರಶ್ನೆಗೆ ತಿಂಗಳುಗಳು ಹೋದವು. ಗಡಿ ದಾಟುವ ವ್ಯಾಪಾರಕ್ಕೆ ಆರ್ಬಿಟ್ರೇಶನ್ ಅನುಕೂಲವೇ, ಏಕೆಂದರೆ 1958ರ ನ್ಯೂಯಾರ್ಕ್ ಒಡಂಬಡಿಕೆಗೆ 170ಕ್ಕೂ ಹೆಚ್ಚು ದೇಶಗಳು ಸೇರಿವೆ, ಒಂದು ದೇಶದಲ್ಲಿ ಬಂದ ತೀರ್ಪನ್ನು ಇನ್ನೊಂದರಲ್ಲಿ ಜಾರಿ ಮಾಡಿಸಲು ದಾರಿಯಿದೆ. ಆದರೆ ಕಲಮಿನಲ್ಲಿ ಆರ್ಬಿಟ್ರೇಶನ್‌ನ ಕಾನೂನುಬದ್ಧ ಪೀಠ ಯಾವ ಊರು, ಯಾವ ಸಂಸ್ಥೆಯ ನಿಯಮ, ಎಷ್ಟು ಮಧ್ಯಸ್ಥರು, ಯಾವ ಭಾಷೆ, ಕರಾರಿಗೂ ಆರ್ಬಿಟ್ರೇಶನ್ ಕಲಮಿಗೂ ಯಾವ ಕಾನೂನು ಎಂಬುದೆಲ್ಲ ಇರಬೇಕು. ಸಂಸ್ಥೆಗಳು ತಮ್ಮ ಮಾದರಿ ಕಲಮನ್ನು ತಾವೇ ಪ್ರಕಟಿಸುತ್ತವೆ. ಅದನ್ನು ಹಾಗೇ ಎತ್ತಿ ಹಾಕುವುದು ಸೃಜನಶೀಲತೆಗಿಂತ ಕ್ಷೇಮ.

ಸರಕಿನ ಮಾರಾಟವಾದರೆ ಇನ್ನೊಂದು ಬಲೆ ಇದೆ. 1980ರ ವಿಯೆನ್ನಾ ಒಡಂಬಡಿಕೆ, ಅಂದರೆ ಅಂತಾರಾಷ್ಟ್ರೀಯ ಸರಕು ಮಾರಾಟದ ಒಡಂಬಡಿಕೆ, ಎರಡೂ ಪಕ್ಷಗಳ ದೇಶಗಳು ಅದಕ್ಕೆ ಸೇರಿದ್ದರೆ ಕೇಳದಿದ್ದರೂ ಅನ್ವಯಿಸುತ್ತದೆ. ಸದಸ್ಯ ದೇಶವೊಂದರ ಹೆಸರು ಹೇಳಿ "ಆ ದೇಶದ ಕಾನೂನು ಅನ್ವಯ" ಎಂದಷ್ಟೇ ಬರೆದರೆ ಅದು ದೂರವಾಗುವುದಿಲ್ಲ, ಒಡಂಬಡಿಕೆಯೂ ಆ ದೇಶದ ಕಾನೂನಿನ ಭಾಗವೇ. ಬೇಡವಾದರೆ ಬೇಡವೆಂದು ಹೆಸರು ಹಿಡಿದು ಬರೆಯಬೇಕು. ಹಾಗೆಯೇ, ಸಾಗಣೆಯ ಷರತ್ತುಗಳ ಅಂತಾರಾಷ್ಟ್ರೀಯ ನಿಯಮಾವಳಿಯಾದ ಇನ್‌ಕೋಟರ್ಮ್ಸ್ 2020 ಎಂದು ಬರೆದಾಕ್ಷಣ ಎಲ್ಲ ತೀರಿತು ಎಂದುಕೊಳ್ಳುವವರಿದ್ದಾರೆ. ಸಾಗಣೆಯ ಖರ್ಚು, ಅಪಾಯ ಯಾವ ಘಟ್ಟದಲ್ಲಿ ಕೈ ಬದಲಾಗುತ್ತವೆ ಎಂಬುದನ್ನು ಅದು ಹೇಳುತ್ತದೆ. ಮಾಲಿನ ಒಡೆತನ ಯಾವಾಗ ಬದಲಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಪೂರ್ತಿ ಹಣ ಬರುವವರೆಗೆ ಒಡೆತನ ತನ್ನದೇ ಎಂಬ ಕಲಂ ಈ ಕಂಪನಿಯ ಕರಾರಿನಲ್ಲಿರಲಿಲ್ಲ.

ಸಹಿಗೆ ಮುಂಚೆ ಯಂತ್ರ ಕಳಿಸಿದ್ದೂ ಆಯಿತು. "ಅಗ್ರಿಮೆಂಟ್ ಬರುತ್ತಲೇ ಇದೆ, ನೀವು ಶುರು ಮಾಡಿ" ಎಂಬ ಮಾತಿಗೆ ಒಪ್ಪಿ ಮೊದಲ ನಾಲ್ಕು ಯಂತ್ರ ಹೊರಟವು. ಆ ನಾಲ್ಕಕ್ಕೆ ಯಾವ ಷರತ್ತು? ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರಲ್ಲಿ ಆರ್‌ಟಿಎಸ್ ಮತ್ತು ಮ್ಯುಲ್ಲರ್ ಪ್ರಕರಣದಲ್ಲಿ ಇದೇ ಗೋಜಲನ್ನು ಬಿಡಿಸಬೇಕಾಯಿತು. ಅಲ್ಲೂ ಪ್ಯಾಕಿಂಗ್ ಯಂತ್ರೋಪಕರಣವೇ, ಅಲ್ಲೂ ಕೆಲಸ ಮೊದಲು, ಸಹಿ ಆಮೇಲೆ ಎಂಬ ಸ್ಥಿತಿಯೇ. ಸಹಿಯಾಗುವವರೆಗೆ ಕರಾರಿಗೆ ಬಲವಿಲ್ಲ ಎಂಬ ಷರತ್ತಿದ್ದರೂ ಪಕ್ಷಗಾರರ ನಡೆಯಿಂದಲೇ ಅದನ್ನು ಕೈಬಿಟ್ಟಂತಾಗಿ ಕರಾರು ಹುಟ್ಟಿದೆ ಎಂದು ಕೋರ್ಟ್ ತೀರ್ಮಾನಿಸಿತು. ಮೂರು ಹಂತದ ಕೋರ್ಟುಗಳು ಮೂರು ಬೇರೆ ಉತ್ತರ ಕೊಟ್ಟಿದ್ದವು. ಕಳಿಸಲೇಬೇಕಾದ ತುರ್ತಿದ್ದರೆ ಎರಡು ಪುಟದ ಮಧ್ಯಂತರ ಒಪ್ಪಂದ ಸಾಕು: ಎಷ್ಟು ಯಂತ್ರ, ಎಷ್ಟು ಮುಂಗಡ, ಮುಖ್ಯ ಕರಾರು ಆಗದಿದ್ದರೆ ಏನು.

ಸಹಿ ಹಾಕುವ ದಿನ ಕೊನೆಯ ಫೈಲನ್ನು ಹಿಂದಿನ ಸುತ್ತಿನ ಫೈಲಿನ ಜೊತೆ ವರ್ಡ್‌ನ ಕಂಪೇರ್ ಸೌಲಭ್ಯದಲ್ಲಿ ನೀವೇ ಹೋಲಿಸಿ ನೋಡಿ. ಟ್ರ್ಯಾಕ್ ಚೇಂಜಸ್ ತೋರಿಸುವುದು ಅದನ್ನು ಆನ್ ಮಾಡಿ ತಿದ್ದಿದ್ದನ್ನು ಮಾತ್ರ. ಸಹಿಯಾದ ಪ್ರತಿ, ಎಲ್ಲ ಅನುಬಂಧಗಳು, ತಿದ್ದಬಹುದಾದ ವರ್ಡ್ ಫೈಲು ಮೂರೂ ನಿಮ್ಮ ಕೈಗೆ ಬಂದ ಮೇಲೆಯೇ ಫೀಸಿನ ಕೊನೆಯ ಕಂತು. ಆಮೇಲಿನ ಬದಲಾವಣೆಗಳು ವಾಟ್ಸಾಪಿನಲ್ಲಿ, ಫೋನಿನಲ್ಲಿ ನಡೆಯಬಾರದು. ಲಿಖಿತ ತಿದ್ದುಪಡಿ ಮಾತ್ರ ಮಾನ್ಯ ಎಂಬ ಕಲಮನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2018ರಲ್ಲಿ ರಾಕ್ ಅಡ್ವರ್ಟೈಸಿಂಗ್ ಪ್ರಕರಣದಲ್ಲಿ ಎತ್ತಿ ಹಿಡಿದು, ಬಾಕಿ ಪಾವತಿಯ ಕಂತುಗಳನ್ನು ಮುಂದೂಡಲು ಫೋನಿನಲ್ಲಿ ಆಯಿತೆನ್ನಲಾದ ಒಪ್ಪಂದಕ್ಕೆ ಬೆಲೆಯಿಲ್ಲ ಎಂದಿತು.

ಅವಧಿಯ ಕಲಮನ್ನು ಅಲ್ಪವಿರಾಮ ಸಹಿತ ಗಟ್ಟಿಯಾಗಿ ಓದಿ. ಕೆನಡಾದಲ್ಲಿ ರಾಜರ್ಸ್ ಮತ್ತು ಅಲಿಯಂಟ್ ಎಂಬ ದೂರಸಂಪರ್ಕ ಕಂಪನಿಗಳ ನಡುವೆ, ಕೇಬಲ್ ಎಳೆಯಲು ಕಂಬ ಬಳಸುವ ಕರಾರಿನಲ್ಲಿ ಮೊದಲ ಐದು ವರ್ಷದೊಳಗೇ ಒಂದು ವರ್ಷದ ನೋಟಿಸಿನಿಂದ ರದ್ದು ಮಾಡಬಹುದೇ ಎಂಬುದು ಒಂದು ಅಲ್ಪವಿರಾಮದ ಮೇಲೆ ನಿಂತಿತು. 2006ರಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಕರು ಮಾಡಬಹುದು ಎಂದರು. 2007ರಲ್ಲಿ ಅದೇ ಕರಾರಿನ ಫ್ರೆಂಚ್ ರೂಪ ನೋಡಿ ಮಾಡುವಂತಿಲ್ಲ ಎಂದರು. ನಮ್ಮ ಪ್ಯಾಕಿಂಗ್ ಕಂಪನಿಯ ಕರಾರಿನಲ್ಲಿ ಅಲ್ಪವಿರಾಮ ಸರಿಯಾಗಿಯೇ ಇತ್ತು. ಅವಧಿ ಮುಗಿಯುವ 90 ದಿನ ಮೊದಲು ನೋಟಿಸ್ ಕೊಡದಿದ್ದರೆ ಇನ್ನೂ ಐದು ವರ್ಷ ತಾನಾಗಿ ಮುಂದುವರಿಯುತ್ತದೆ ಎಂದೂ ಸ್ಪಷ್ಟವಾಗಿತ್ತು. ಇಂಥ ತಾರೀಕನ್ನು ಸಹಿ ಹಾಕಿದ ದಿನವೇ ಲೆಕ್ಕ ಹಾಕಿ, ಅದಕ್ಕೂ ಒಂದು ತಿಂಗಳು ಮೊದಲಿನ ದಿನವನ್ನು ಕನಿಷ್ಠ ಇಬ್ಬರ ಕ್ಯಾಲೆಂಡರಿಗೆ ಹಾಕಿ. ನೋಟಿಸ್ ಯಾವ ವಿಳಾಸಕ್ಕೆ, ಯಾವ ರೀತಿ ಹೋಗಬೇಕೆಂದು ಕರಾರು ಹೇಳುತ್ತದೋ ಹಾಗೇ ಕಳಿಸಿ. ಕೊರಿಯರ್ ಎಂದಿದ್ದರೆ ಇಮೇಲ್ ಲೆಕ್ಕಕ್ಕೆ ಬರದೇ ಹೋಗಬಹುದು.