ತರ್ಟೀನಾ, ತರ್ಟಿಯಾ? ಚಿಕ್ಕಮಗಳೂರಿನ ಒಂದು ಸಂಜೆ ಕ್ಲಾಸಿನ ಬಗ್ಗೆ

ಲೆಕ್ಕ ಚೆನ್ನಾಗಿ ಬರುತ್ತದೆ, ಆದರೆ ಇಂಗ್ಲಿಷ್‌ನಲ್ಲಿ ಅಂಕಿ ಹೇಳಿದರೆ ಕೈ ನಿಂತುಬಿಡುತ್ತದೆ ಅನ್ನುವವರು ನಮ್ಮ ಕಡೆ ತುಂಬ ಜನ ಇದ್ದಾರೆ. ಅಂಥವರು ಐ.ಜಿ. ರಸ್ತೆ ಹತ್ತಿರದ ಈ ಕ್ಲಾಸಿಗೆ ಧೈರ್ಯವಾಗಿ ಸೇರಬಹುದು. ಹೊರಗಿನ ಬೋರ್ಡಿನಲ್ಲಿ ಬರೀ 'ಸ್ಪೋಕನ್ ಇಂಗ್ಲಿಷ್' ಅಂತಿದೆ. ಒಳಗೆ ವಿಚಾರಿಸಿದರೆ ಅಂಕಿಗಳನ್ನು ಹೇಳುವುದು, ಬರೆಯುವುದು ಇಷ್ಟಕ್ಕೇ ಒಂದು ಬೇರೆ ಬ್ಯಾಚ್ ಇದೆ ಅನ್ನುತ್ತಾರೆ. ನಾನು ಸೇರಿದ್ದು ಅದಕ್ಕೆ.

ನಮ್ಮದು ಆಲ್ದೂರು ಕಡೆ ಸಣ್ಣ ತೋಟ. ಅರೇಬಿಕಾ, ರೊಬಸ್ಟಾ ಎರಡೂ ಇದೆ, ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ಇಷ್ಟು ವರ್ಷ ನಮ್ಮ ಮಾವ ಲೆಕ್ಕ ನೋಡುತ್ತಿದ್ದರು. ಈಗ ಬ್ಯಾಂಕು, ಗೊಬ್ಬರದ ಅಂಗಡಿ, ಕಾಫಿ ವ್ಯಾಪಾರ ಎಲ್ಲ ನನ್ನ ಕೈಗೆ ಬಂದಿದೆ. ಐವತ್ತು ಕೆಜಿ ಮೂಟೆಗೆ ಇವತ್ತಿನ ರೇಟೆಷ್ಟು, ವಾರದ ಬಟವಾಡೆ ಎಷ್ಟಾಯಿತು ಅಂತ ಕನ್ನಡದಲ್ಲಿ ಕೇಳಿದರೆ ನಿಂತ ಜಾಗದಲ್ಲೇ ಹೇಳುತ್ತೇನೆ. ಆದರೆ ಫೋನ್ ಮಾಡುವ ಹುಡುಗರು ಕನ್ನಡದಲ್ಲೇ ಮಾತು ಶುರುಮಾಡಿ, ಅಂಕಿ ಬಂತೋ ಇಂಗ್ಲಿಷ್‌ಗೆ ಹಾರುತ್ತಾರೆ. "ಮೇಡಂ, ತರ್ಟೀನ್ ಬ್ಯಾಗ್ ಲೋಡ್ ಆಯ್ತು." ಸಿಗ್ನಲ್ ಬೇರೆ ಸರಿ ಇರುವುದಿಲ್ಲ. ಹದಿಮೂರೋ, ಮೂವತ್ತೋ?

ಈ ಕ್ಲಾಸಿನ ದೊಡ್ಡ ಗುಣ ಎಂದರೆ ಶುರುವಾಗುವುದೇ ಕಿವಿಯಿಂದ. ಬೇರೆ ಕಡೆ ಒನ್ನಿಂದ ಹಂಡ್ರೆಡ್‌ವರೆಗೆ ಚಾರ್ಟ್ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಇಲ್ಲಿ ಟೀಚರ್ ನಮ್ಮ ಬೆನ್ನ ಹಿಂದೆ ಹೋಗಿ ನಿಂತು ಅಂಕಿ ಹೇಳುತ್ತಾರೆ, ತುಟಿ ನೋಡುವ ಹಾಗಿಲ್ಲ. ನಾವು ಕೇಳಿಸಿದ್ದನ್ನು ಅಂಕಿಯಲ್ಲಿ ಬರೆಯಬೇಕು. ತರ್ಟೀನ್ ಎನ್ನುವಾಗ ಒತ್ತು ಹಿಂಭಾಗಕ್ಕೆ, ತರ್ಟಿ ಎನ್ನುವಾಗ ಮುಂಭಾಗಕ್ಕೆ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಇವರು ಅಷ್ಟಕ್ಕೇ ಬಿಡಲಿಲ್ಲ. ಅದರ ನಂತರ ಬ್ಯಾಗ್, ರುಪೀಸ್ ಅಂತ ಇನ್ನೊಂದು ಪದ ಬಂದರೆ ತರ್ಟೀನ್‌ನಲ್ಲೂ ಒತ್ತು ಮುಂಭಾಗಕ್ಕೆ ಸರಿಯುತ್ತದೆ, ಆಗ ಕೊನೆಯ 'ನ್' ಒಂದೇ ಗತಿ ಎಂದು ತೋರಿಸಿದರು. ಅದೂ ಕೇಳಿಸದಿದ್ದರೆ ಸುಮ್ಮನೆ ಊಹೆ ಮಾಡಬೇಡಿ, "ಒನ್ ತ್ರೀನಾ, ತ್ರೀ ಜೀರೋನಾ?" ಎಂದು ತಿರುಗಿ ಕೇಳಿ ಎಂದರು. ಗೇಟಿನಲ್ಲಿ ಲಾರಿ ನಂಬರ್ ಬರೆದುಕೊಳ್ಳುವಾಗ ಇದು ನನಗೆ ಚೆನ್ನಾಗಿ ಕೆಲಸಕ್ಕೆ ಬಂದಿದೆ. ಕೆಎ 13 ಹಾಸನದ್ದು, ಕೆಎ 30 ಕಾರವಾರದ್ದು.

ಫೋನ್ ನಂಬರಿನ ಪಾಠವೂ ಹಾಗೆಯೇ. ಡಬಲ್ ನೈನ್, ಟ್ರಿಪಲ್ ಫೋರ್ ಎಂದು ವೇಗವಾಗಿ ಹೇಳಿಸಿ ಬರೆಸುತ್ತಾರೆ. ಸೊನ್ನೆಗೆ ಕೆಲವರು ಜೀರೋ ಅನ್ನುತ್ತಾರೆ, ಕೆಲವರು ಓ ಅನ್ನುತ್ತಾರೆ, ಎರಡಕ್ಕೂ ಕಿವಿ ಹೊಂದಿಕೊಳ್ಳಬೇಕು.

ಇನ್ನು ಚೆಕ್ಕಿನ ಪಾಠ. ಕೊಟ್ಟ ದುಡ್ಡು ಇದೊಂದರಲ್ಲೇ ವಸೂಲಾಯಿತು. ಖಾಲಿ ಚೆಕ್ಕಿನ ಜೆರಾಕ್ಸ್ ಪ್ರತಿಗಳನ್ನು ಕಟ್ಟುಗಟ್ಟಲೆ ಇಟ್ಟಿರುತ್ತಾರೆ. ಮೊದಲ ದಿನ ಬೋರ್ಡಿನಲ್ಲಿ ಬರೆದ ಮೊತ್ತ 1,14,940. ಬೇಕೆಂದೇ ಆರಿಸಿದ್ದು ಅದು. ಫೋರ್ಟೀನ್‌ನಲ್ಲಿ 'ಯು' ಇದೆ, ಫಾರ್ಟಿಯಲ್ಲಿ ಇಲ್ಲ, ಒಂದೇ ಸಾಲಿನಲ್ಲಿ ಎರಡೂ ಬರುತ್ತವೆ. ನೈಂಟೀನ್, ನೈಂಟಿ ಎರಡರಲ್ಲೂ 'ಇ' ಉಳಿಯುತ್ತದೆ, ತಾರೀಖಿಗೆ ನೈಂತ್ ಎಂದು ಬರೆಯುವಾಗ ಮಾತ್ರ ಬಿದ್ದುಹೋಗುತ್ತದೆ. ಟ್ವೆಂಟಿ ಒನ್‌ನಿಂದ ನೈಂಟಿ ನೈನ್‌ವರೆಗೆ ಎರಡು ಪದ ಬಂದಲ್ಲೆಲ್ಲ ನಡುವೆ ಸಣ್ಣ ಗೆರೆ. ನೈನ್ ಹಂಡ್ರೆಡ್ ಎಂದಾಗ ಹಂಡ್ರೆಡ್‌ಗೆ ಕೊನೆಯಲ್ಲಿ 'ಎಸ್' ಸೇರಿಸುವ ಹಾಗಿಲ್ಲ. ಮೊತ್ತವನ್ನು ಎಡ ಅಂಚಿನಿಂದಲೇ ಶುರುಮಾಡಿ, ಕೊನೆಗೆ ಓನ್ಲಿ ಎಂದು ಬರೆದು, ಉಳಿದ ಜಾಗಕ್ಕೆ ಗೆರೆ ಎಳೆಯಬೇಕು.

ಯಾಕಿಷ್ಟು ಬಿಗಿ ಎಂದು ಪಕ್ಕದಲ್ಲಿ ಕೂತಿದ್ದ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಕೇಳಿದರು. ಟೀಚರ್ ಕೊಟ್ಟ ಉತ್ತರ ಎಲ್ಲರೂ ತಿಳಿದಿರಬೇಕಾದದ್ದು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು ಇದ್ದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ. ಆದರೆ ಕೌಂಟರಿನಲ್ಲಿ ಸಾಮಾನ್ಯವಾಗಿ ಅಂಥ ಚೆಕ್ಕನ್ನು ವಾಪಸ್ ಕಳಿಸುತ್ತಾರೆ. ಈಗಿನ ಚೆಕ್ಕಿನಲ್ಲಿ ತಾರೀಖು ಬಿಟ್ಟು ಬೇರೆ ಯಾವುದನ್ನೂ ಹೊಡೆದು ತಿದ್ದುವ ಹಾಗೂ ಇಲ್ಲ, ಹೊಸ ಎಲೆಯನ್ನೇ ಹರಿಯಬೇಕು. ಇದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಿದರು: ರಿಸರ್ವ್ ಬ್ಯಾಂಕ್ ನಿಯಮದಂತೆ ಚೆಕ್ಕನ್ನು ಕನ್ನಡದಲ್ಲೂ ಬರೆಯಬಹುದು, ಯಾರೂ ಬೇಡ ಅನ್ನುವ ಹಾಗಿಲ್ಲ. ಇಂಗ್ಲಿಷ್ ಕಲಿಸಿ ಫೀಸು ತೆಗೆದುಕೊಳ್ಳುವವರು ಇದನ್ನು ತಾವಾಗಿ ಹೇಳಿದ್ದು ನೋಡಿ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ನಮ್ಮ ಕೂಲಿಯವರಿಗೆ ನಾನು ಈಗ ಕನ್ನಡದಲ್ಲೇ ಚೆಕ್ ಬರೆಯುತ್ತೇನೆ. ಓದಿ ನೋಡಿಕೊಂಡು ಜೇಬಿಗಿಡುತ್ತಾರೆ.

ಸರಿ ಇಲ್ಲದ್ದು ಪುಸ್ತಕ. ಯಾವುದೋ ಹೊರದೇಶದ ವರ್ಕ್‌ಬುಕ್ಕನ್ನು ನಕಲು ಮಾಡಿ ಕೊಟ್ಟಿದ್ದಾರೆ. ಅದರಲ್ಲಿ ಸಾವಿರ ಆದ ಮೇಲೆ ನೇರ ಮಿಲಿಯನ್. ಲಕ್ಷವೂ ಇಲ್ಲ, ಕೋಟಿಯೂ ಇಲ್ಲ. ಕಾಮಾ ಕೂಡ ಮೂರು ಮೂರು ಅಂಕಿಗೆ. ಎರಡು ಲಕ್ಷ ಮೂವತ್ತೈದು ಸಾವಿರವನ್ನು ನಾವು 2,35,000 ಎಂದು ಬರೆದರೆ ಅಲ್ಲಿ 235,000 ಎಂದಿರುತ್ತದೆ, ಓದುವಾಗ ಟು ಹಂಡ್ರೆಡ್ ತರ್ಟಿ ಫೈವ್ ಥೌಸಂಡ್ ಅನ್ನಬೇಕು. ಲ್ಯಾಕ್ ಇನ್ನೂ ಗಟ್ಟಿಯಾಗದವರಿಗೆ ಇದನ್ನು ಮೊದಲು ಕೊಟ್ಟರೆ ತಲೆ ಕೆಡುತ್ತದೆ. ನಮ್ಮ ಬ್ಯಾಚಿನಲ್ಲಿ ಇಬ್ಬರು ಹೆಂಗಸರು ಆ ಪಾಠಕ್ಕೇ ಬಿಟ್ಟುಹೋದರು, ಅದು ನನಗೆ ಬೇಸರದ ವಿಷಯ.

ಹಾಗಂತ ಮಿಲಿಯನ್ ಬೇಡವೇ ಬೇಡ ಅನ್ನುವುದಿಲ್ಲ. ಕಾಫಿ ಬೆಳೆಯುವವರಿಗೆ ಅದು ಬೇಕು. ಬ್ರೆಜಿಲ್‌ನಲ್ಲಿ ಇಷ್ಟು ಮಿಲಿಯನ್ ಬ್ಯಾಗ್ ಬೆಳೆ ಎಂಬ ಸುದ್ದಿ ಬಂದರೆ ಇಲ್ಲಿ ರೇಟು ಅಲ್ಲಾಡುತ್ತದೆ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ. ಆ ಸುದ್ದಿಯ ಬ್ಯಾಗು 60 ಕೆಜಿಯದ್ದು, ನಮ್ಮ ಹಾಗೆ 50 ಕೆಜಿಯದ್ದಲ್ಲ. ಅಂದರೆ ಒಂದು ಮಿಲಿಯನ್ ಬ್ಯಾಗಿಗೆ ಅರವತ್ತು ಸಾವಿರ ಟನ್. ಇದನ್ನು ನಾನೇ ಕ್ಲಾಸಿನಲ್ಲಿ ಹೇಳಿದಾಗ ಟೀಚರ್ ಬೋರ್ಡಿನಲ್ಲಿ ಬರೆಸಿದರು. ಅಂಥ ಉದಾಹರಣೆ ಹಾಕಿ, ಲಕ್ಷ ಕೋಟಿ ಮುಗಿದ ಮೇಲೆ ಮಿಲಿಯನ್ ಇಟ್ಟು, ನಮ್ಮೂರಿನವರಿಗಾಗಿ ಒಂದು ತೆಳು ಪುಸ್ತಕ ಅವರೇ ಮಾಡಲಿ. ಹಾಗಂತ ಬರೆದೂ ಕೊಟ್ಟಿದ್ದೇನೆ.

ಉಳಿದಂತೆ ಜಾಗ ಇಕ್ಕಟ್ಟು, ಮೆಟ್ಟಿಲು ಕಡಿದು, ಮಳೆಗಾಲದಲ್ಲಿ ಕರೆಂಟ್ ಹೋದರೆ ಯುಪಿಎಸ್ ಇಲ್ಲ. ಫೀಸು ಪೂರ್ತಿ ಮುಂಚೆಯೇ ಕಟ್ಟಬೇಕು. ಬಿಡುವ ಹೊತ್ತು ಏಳೂವರೆ, ಬಸ್ಸಿನಲ್ಲಿ ಹಳ್ಳಿಗೆ ಹೋಗುವ ಹೆಂಗಸರಿಗೆ ಅದು ಆಗುವುದಿಲ್ಲ. ಭಾನುವಾರ ಬೆಳಗ್ಗೆ ಒಂದು ಬ್ಯಾಚ್ ಮಾಡಿ ಎಂದು ಕೇಳಿದ್ದೇವೆ, ಹತ್ತು ಜನ ಆದರೆ ಶುರುಮಾಡುತ್ತಾರಂತೆ. ಆಲ್ದೂರು, ಮೂಡಿಗೆರೆ ಕಡೆಯವರು ಯಾರಾದರೂ ಇದ್ದರೆ ಹೋಗಿ ಹೆಸರು ಕೊಡಿ. ಹೋಗುವಾಗ ನಿಮ್ಮ ಹಳೆಯ ಪಾಸ್‌ಬುಕ್ಕು, ಅಂಗಡಿ ಬಿಲ್ಲು ತೆಗೆದುಕೊಂಡು ಹೋಗಿ. ಅದರಲ್ಲಿರುವ ಅಂಕಿಗಳನ್ನೇ ಓದಿಸುತ್ತಾರೆ.