ತಿಂಗಳ ಮೂರನೇ ಭಾನುವಾರ

ತುಮಕೂರಿನಲ್ಲಿ ಬೆಳಗಿನ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುತ್ತೇನೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಇಂದಿರಾನಗರ ಮುಟ್ಟುವಷ್ಟರಲ್ಲಿ ಹತ್ತೂಮುಕ್ಕಾಲು. 8 ತಿಂಗಳಿಂದ ಪ್ರತಿ ಮೂರನೇ ಭಾನುವಾರ ಇದೇ ದಾರಿ. ಹೋಗುವುದು ಕ್ವಿಯರ್ ಹೆಂಗಸರು ಮತ್ತು ನಾನ್‌ಬೈನರಿ ಓದುಗರು ಸೇರುವ ಪುಸ್ತಕ ಕೂಟಕ್ಕೆ. ಕ್ವಿಯರ್ ಅಂದರೆ ಪ್ರೀತಿಯಲ್ಲೋ ಗುರುತಿನಲ್ಲೋ ಗಂಡು-ಹೆಣ್ಣಿನ ರೂಢಿಯ ಚೌಕಟ್ಟಿಗೆ ಸೇರದವರು; ನಾನ್‌ಬೈನರಿ ಅಂದರೆ ತಮ್ಮನ್ನು ಬರೀ ಗಂಡು ಅಂತಲೋ ಬರೀ ಹೆಣ್ಣು ಅಂತಲೋ ಗುರುತಿಸಿಕೊಳ್ಳದವರು. ಹೋಗಲೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನೇ ಒಂದು ವರ್ಷ ಹಾಗೆ ಯೋಚಿಸಿದವಳು.

ಒಂದು ಟೀ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರುತ್ತಾರೆ. ವಿಳಾಸ ಎಲ್ಲೂ ಹಾಕುವುದಿಲ್ಲ. ಮೊದಲು ಫೋನಿನಲ್ಲಿ ಹತ್ತು ನಿಮಿಷ ಮಾತಾಡಿ, ಆಮೇಲೆ ಕಳಿಸುತ್ತಾರೆ. ನಿಜವಾದ ಹೆಸರು ಹೇಳಬೇಕಂತಿಲ್ಲ, ಫೋಟೊ ತೆಗೆಯುವಂತಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಈ ಎರಡು ನಿಯಮ ಇರದಿದ್ದರೆ ಆ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಬಗ್ಗೆ, ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ತೀರ್ಪು ಕೊಟ್ಟಿತಲ್ಲ, ಮರುದಿನ ಸ್ಟಾಫ್ ರೂಮಿನಲ್ಲಿ ಆ ಪೇಪರ್ ಮಡಚಿ ಪಕ್ಕದವರಿಗೆ ಕೊಟ್ಟು, ಸುಮ್ನೆ ನೋಟ್‌ಬುಕ್ ತಿದ್ದುತ್ತಾ ಕೂತಿದ್ದೆ. ಒಂದು ಮಾತು ಆಡಲಿಲ್ಲ. ಈಗ ತಿಂಗಳಿಗೆ ಎರಡು ಗಂಟೆ ಬಾಯಿತುಂಬಾ ಆಡುತ್ತೇನೆ.

ಫೀಸು ಇಲ್ಲ. ಟೀ ಅವರವರ ದುಡ್ಡಿನಲ್ಲಿ. ಪುಸ್ತಕ ಕೊಳ್ಳಲಾಗದವರಿಗೆ ಮೂರು ಪ್ರತಿ ಕೈಯಿಂದ ಕೈಗೆ ಓಡಾಡುತ್ತವೆ. ಪೂರ್ತಿ ಓದದೆ ಬಂದರೂ ಯಾರೂ ಕೇಳುವುದಿಲ್ಲ, ಏಕೆಂದರೆ ಮೊದಲ ಅರ್ಧ ಗಂಟೆ ಒಬ್ಬೊಬ್ಬರೂ ಒಂದೊಂದು ಪ್ಯಾರಾ ಗಟ್ಟಿಯಾಗಿ ಓದುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಎ. ರೇವತಿಯವರ ಆತ್ಮಕಥೆ ಓದಿದ ತಿಂಗಳು. ವಿ. ಗೀತಾ ಮಾಡಿದ ಇಂಗ್ಲಿಷ್ ಅನುವಾದ 2010ರಲ್ಲಿ ಬಂತು. ಕನ್ನಡಕ್ಕೆ ತಂದವರು ದು. ಸರಸ್ವತಿ, ಹೆಸರು ‘ಬದುಕು ಬಯಲು’. ಅರ್ಧ ಜನ ಇಂಗ್ಲಿಷ್ ಹಿಡಿದಿದ್ದರು, ಅರ್ಧ ಜನ ಕನ್ನಡ. ಓದುತ್ತಾ ಓದುತ್ತಾ ಮಾತು ‘ಅವನು’, ‘ಅವಳು’ಗಳ ಕಡೆ ತಿರುಗಿತು. ಹುಬ್ಬಳ್ಳಿ ಕಡೆಯ ಒಬ್ಬರು ನಾನ್‌ಬೈನರಿ, ಇಪ್ಪತ್ತೈದರ ಒಳಗಿನ ವಯಸ್ಸು. ತಮ್ಮನ್ನು ‘ಅವರು’ ಅನ್ನಿ ಅಂತ ಮೊದಲ ದಿನವೇ ಹೇಳಿದ್ದರು. ಬಂದರು, ಹೋದರು, ಓದಿದರು. ನನ್ನ ಬಾಯಿಗೆ ಕಷ್ಟವೇ ಆಗಿರಲಿಲ್ಲ, ನಮ್ಮಲ್ಲಿ ದೊಡ್ಡವರಿಗೆ ಹಾಗೇ ಅನ್ನುವುದು ಅಲ್ವಾ. ಅದನ್ನೇ ಖುಷಿಯಿಂದ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮಗ ಸರಳ ಅದರೀ ಅಕ್ಕಾ. ನನ್ನ ತಂಗಿ ‘ಅವರು’ ಅಂದ್ರ ಯಾರೋ ಹೊರಗಿನವರ ಗತೆ ಅನಸ್ತದ” ಅಂದರು.

ಇಪ್ಪತ್ತು ವರ್ಷ ವ್ಯಾಕರಣ ಪಾಠ ಮಾಡಿದ್ದೇನೆ. ಗೌರವದ ಮಾತಿಗೆ ಅಷ್ಟು ದೂರವೂ ಇದೆ ಅಂತ ಹೊಳೆದಿರಲಿಲ್ಲ. ಆಮೇಲೆ ಜೇಡರ ದಾಸಿಮಯ್ಯನ ವಚನ ನೆನಪಾಗಿ ಹೇಳಿದೆ, “ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ” ಅನ್ನುವುದು. ಅವರು ಅದನ್ನು ಇನ್ನೊಮ್ಮೆ ಹೇಳಿಸಿ ಮೊಬೈಲಿನಲ್ಲಿ ಬರೆದುಕೊಂಡರು. ತಂಗಿಗೆ ಕಳಿಸಲು.

ಕೊರತೆಗಳೂ ಇವೆ. ಮೆಟ್ಟಿಲು ಕಡಿದು, ಹಿಡಿದುಕೊಳ್ಳಲು ಕಂಬಿ ಇಲ್ಲ. ಮಂಡಿನೋವಿನಿಂದ ಒಬ್ಬರು ಬರುವುದನ್ನೇ ಬಿಟ್ಟರು. ಕೆಳಗೆ ಒಂದು ಕೋಣೆ ಹುಡುಕಲೇಬೇಕು. ಇನ್ನೊಂದು, 8 ಪುಸ್ತಕಗಳಲ್ಲಿ ಕನ್ನಡದ್ದು ಒಂದೇ. ಚರ್ಚೆ ಬಿಸಿಯಾದಾಗ ಇಂಗ್ಲಿಷ್ ಜೋರಾಗಿ ಓಡುತ್ತದೆ, ನಾವು ಮೂರು ನಾಲ್ಕು ಜನ ಸುಮ್ಮನಾಗಿಬಿಡುತ್ತೇವೆ. ಬೆಂಗಳೂರಿನಲ್ಲಿ ನಡೆಯುವ ಕೂಟದಲ್ಲಿ ಹೀಗಾಗಬಾರದು. ನಡೆಸುವವರಿಗೆ ನೇರವಾಗಿ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಹಾಗಾದರೆ ಮುಂದಿನದು ನೀವೇ ಆರಿಸಿ ಅಂದರು.

ಜೋಗತಿ ನೃತ್ಯದ ಕಲಾವಿದೆ, ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿಯವರ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’ ಆರಿಸಿದ್ದೇನೆ. ದಾಸಿಮಯ್ಯನ ಸಾಲು ಕೇಳಿದವರಿಗೆ ಆ ಹೆಸರು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಮೊದಲ ಪ್ಯಾರಾ ಹುಬ್ಬಳ್ಳಿಯವರು ಓದುತ್ತಾರೆ, ಎರಡನೆಯದು ನಾನು.